ಮೆಟ್ಟುಕತ್ತಿಯ ಒಪ್ಪಂದ

ರಾಜಧಾನಿಯಿಂದ ಬಂದ ಕೊಡೆ ಸಾಹೇಬ ಮೊದಲ ಬೆಳಗ್ಗೆಯೇ ನನ್ನ ಬೈಗುಳ ಕೇಳಿ ಎರಡೂ ಕಿವಿ ಮುಚ್ಚಿಕೊಂಡ. ಪಾಪ, ನಾನು ಬೈದದ್ದು ಅವನಿಗಲ್ಲ. ಅವನಿಗೆ ಬೈಯಲು ಆ ಹೊತ್ತಿಗೆ ನನ್ನ ಬಳಿ ಕಾರಣವೇ ಇರಲಿಲ್ಲ. ಕಾರಣವನ್ನು ಅವನು ಆಮೇಲೆ ಮೊಗೆಮೊಗೆದು ಕೊಟ್ಟ. ಆ ಒಂದು ವಿಷಯದಲ್ಲಿ ಅವನ ಕೈ ಧಾರಾಳ. ಅವನ ಹೆಸರು ಉದ್ದವಿತ್ತು, ಹುದ್ದೆಯ ಹೆಸರು ಅದಕ್ಕಿಂತ ಉದ್ದವಿತ್ತು. ಬಿಸಿಲಿರಲಿ ಇಲ್ಲದಿರಲಿ, ಒಬ್ಬ ಜವಾನ ಅವನ ತಲೆಯ ಮೇಲೆ ಕೊಡೆ ಹಿಡಿದೇ ಇರುತ್ತಿದ್ದ. ಹಾಗಾಗಿ ನಮ್ಮೂರು ಅವನಿಗೆ ಕೊಡೆ ಸಾಹೇಬ ಎಂದು ಹೆಸರಿಟ್ಟು ಉಳಿದದ್ದನ್ನೆಲ್ಲ ಮರೆತುಬಿಟ್ಟಿತು.

ನಾನು ದುಗ್ಗಿ, ಈ ಊರಿನ ಬಾಯಿಬಡುಕಿ. ಬೇರೆ ಕಡೆ ಅದು ಹೆಂಗಸರನ್ನು ಹೀಯಾಳಿಸುವ ಮಾತಂತೆ. ನಮ್ಮಲ್ಲಿ ಅದು ಅಮ್ಮನಿಂದ ಮಗಳಿಗೆ ಬರುವ ಕೆಲಸ. ಮೊದಲ ಬಲೆಯ ಮೀನು ನನ್ನ ಮನೆಗೆ ಬರುತ್ತದೆ, ಮದುವೆಮನೆಯಲ್ಲಿ ನನಗೆ ಮುಂದಿನ ಸಾಲಿನಲ್ಲಿ ಎಲೆ ಹಾಕುತ್ತಾರೆ. ನನ್ನ ಗಂಟಲು ಕಟ್ಟಿದರೆ ಊರಿನ ಅರ್ಧ ಹೆಂಗಸರು ಶುಂಠಿ ಜಜ್ಜಲು ಕೂರುತ್ತಾರೆ. ದಿನ ಬೆಳಗಾದರೆ ನಾನು ದಂಡೆಯ ಕರಿಕಲ್ಲು ಹತ್ತಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಆಚೆ ದಂಡೆಯವರನ್ನು ಬೈಯುತ್ತೇನೆ. ಆಚೆಯದು ಬೇರೆ ದೇಶ, ಬೇರೆ ಬಾವುಟ. ನಡುವೆ ಇರುವುದು ಕಿರಿದಾದ ಕಡಲು. ಅವರ ಒಲೆಯ ಹೊಗೆ ಕಾಣುತ್ತದೆ, ಗಾಳಿ ಸರಿಯಾಗಿ ಬೀಸಿದರೆ ಅವರು ಏನು ಹುರಿಯುತ್ತಿದ್ದಾರೆ ಎಂದೂ ಗೊತ್ತಾಗುತ್ತದೆ.

ನಾನು ಅವರನ್ನು ಬೈದರೆ ಮೀನು ಅವರ ಬಲೆಗೆ ಹೋಗುತ್ತದೆ. ಅವರ ಬಾಯಿಬಡುಕಿ ನಮ್ಮನ್ನು ಬೈದರೆ ನಮ್ಮ ಬಲೆಗೆ ಬರುತ್ತದೆ. ಬೈಸಿಕೊಂಡವರ ಕಡೆಗೇ ಮೀನು. ಯಾಕೆ ಹೀಗೆ ಎಂದು ಕೇಳಬೇಡಿ, ಮಳೆ ಕೆಳಗೇ ಯಾಕೆ ಬೀಳುತ್ತದೆ ಎಂದು ನಿಮ್ಮನ್ನು ನಾವೆಂದಾದರೂ ಕೇಳಿದ್ದೇವೆಯೇ? ಬೈಗುಳ ಹೊಟ್ಟೆಯಿಂದ ಬರಬೇಕು, ಅಷ್ಟೇ. ಗಂಟಲಿನಿಂದ ಬಂದದ್ದಕ್ಕೆ ಮೀನು ತಿರುಗಿಯೂ ನೋಡುವುದಿಲ್ಲ. ಒಮ್ಮೆ ನಾನು ಜ್ವರದಿಂದ ಮಲಗಿದ್ದಾಗ, ದೋಣಿಗಳ ಯಜಮಾನ ಹೊನ್ನ ತಾಂಡೇಲನ ಹೆಂಡತಿ ಕಲ್ಲು ಹತ್ತಿದಳು. ಪ್ರಾಸ ಕಟ್ಟಿ, ಕೈ ತಿರುವಿ, ಭಲೇ ಚೆನ್ನಾಗಿ ಬೈದಳಂತೆ, ನಮ್ಮವರು ಚಪ್ಪಾಳೆ ಬೇರೆ ತಟ್ಟಿದರಂತೆ. ಆವತ್ತು ಆಚೆಯವರ ಬಲೆಗೆ ಬಿದ್ದದ್ದು ಒಂದು ಏಡಿ, ಒಂದು ಹಳೆ ಚಪ್ಪಲಿ. ಸಂಜೆಗೆ ಅವರು ಕಡಲಿನಾಚೆಯಿಂದಲೇ ಕೂಗಿ ಕೇಳಿದರು, "ದುಗ್ಗಕ್ಕನ ಜ್ವರ ಹೇಗುಂಟು?" ಎಂದು.

ಆಚೆಯ ಬಾಯಿಬಡುಕಿ ಗುಲಾಬಿ, ನನ್ನ ಒಡಹುಟ್ಟಿದ ತಂಗಿ. ಎರಡು ದಂಡೆಗಳ ನಡುವೆ ಹೆಣ್ಣು ಕೊಡುವುದು ತರುವುದು ಮೊದಲಿನಿಂದಲೂ ಇತ್ತು. ಅವಳನ್ನು ಅಲ್ಲಿಯ ಬಾಯಿಬಡುಕಿಯ ಮಗನಿಗೇ ಕೊಟ್ಟೆವು. ಅತ್ತೆ ತೀರಿಕೊಂಡ ಮೇಲೆ ಅಲ್ಲಿಯ ಕಲ್ಲು ಗುಲಾಬಿಯದಾಯಿತು. ಬಾಯಿಬಡುಕಿಯರಿಗೆ ಒಂದು ಕಟ್ಟಳೆಯಿದೆ. ಒಬ್ಬಳು ಇನ್ನೊಬ್ಬಳ ದಂಡೆಗೆ ಕಾಲಿಡಬಾರದು, ಒಬ್ಬಳ ಕೈಯ ಅಡುಗೆಯನ್ನು ಇನ್ನೊಬ್ಬಳು ಉಣ್ಣಬಾರದು. ಉಂಡ ಬಾಯಿ ಬೈಯುವುದಿಲ್ಲ ಎನ್ನುತ್ತಿದ್ದಳು ಅಮ್ಮ. ಹೀಗಾಗಿ ಕಲ್ಲು ಹತ್ತಿದಂದಿನಿಂದ ಗುಲಾಬಿ ನನಗೆ ದೂರದ ಒಂದು ಕೆಂಪು ಸೀರೆ ಮತ್ತು ಒಂದು ಧ್ವನಿ, ಅಷ್ಟೇ.

ನಮ್ಮಿಬ್ಬರ ನಡುವಿನ ಮುಳ್ಳು ಒಂದು ಮೆಟ್ಟುಕತ್ತಿ. ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತು ಮೀನು ಕೊಯ್ಯುತ್ತೇವಲ್ಲ, ಅದೇ. ಅಮ್ಮ ಜೀವಮಾನವಿಡೀ ಅದೊಂದೇ ಹಲಗೆ ಮೆಟ್ಟಿ, ಅವಳ ಹಿಮ್ಮಡಿ ಅದರಲ್ಲಿ ಒಂದು ಕುಳಿ ಮಾಡಿತ್ತು. ಕಲ್ಲು ನಿನಗೆ ಬಂದರೆ ಕತ್ತಿಯೂ ನಿನಗೇ ಎಂದಿದ್ದಳು ನನಗೆ. ಗುಲಾಬಿ ಮದುಮಗಳಾಗಿ ದೋಣಿ ಹತ್ತಿಹೋದ ಮೇಲೆ ಒಲೆಯ ಬದಿ ನೋಡಿದರೆ ಕತ್ತಿ ಇಲ್ಲ! ಸೀರೆಗಳ ಕೆಳಗೆ ಇಟ್ಟುಕೊಂಡು ಹೋಗಿದ್ದಳು ಕಳ್ಳಿ. ಅಮ್ಮ ಹಾಸಿಗೆ ಹಿಡಿದು, ಬುದ್ಧಿ ಮಂಕಾದ ಕಾಲಕ್ಕೆ, "ಕತ್ತಿ ತಾ, ಬಂಗುಡೆ ಹಾಳಾಗ್ತದೆ" ಎಂದು ಹಟ ಹಿಡಿಯುತ್ತಿದ್ದಳು. ನಾನು ಬೇರೆ ಕತ್ತಿ ತಂದಿಟ್ಟರೆ ಅದರ ಹಲಗೆಗೆ ಹಿಮ್ಮಡಿ ಊರಿ ನೋಡಿ, "ಇದಲ್ಲ" ಎಂದು ದೂಡುತ್ತಿದ್ದಳು. ಸಾಯುವವರೆಗೂ ಅದೇ ಮಾತು, "ಇದಲ್ಲ." ಆ ಸಂಕಟ ನನ್ನದು. ಗುಲಾಬಿಯ ಸಂಕಟ ಬೇರೆ. ಅಮ್ಮ ಹೋಗುವ ಹೊತ್ತಿಗೆ ಕಟ್ಟಳೆ ಮುರಿದು ಅವಳನ್ನು ಕರೆಸಿ ಮುಖ ತೋರಿಸಲಿಲ್ಲ ಎಂದು.

ಇಷ್ಟಿದ್ದ ಮೇಲೆ ಬೈಗುಳಕ್ಕೆ ಏನು ಬರ? "ಅಮ್ಮನ ಕಾಲಡಿಯಿಂದ ಕದ್ದವಳೇ, ನಿನ್ನ ಕೈ ಸೇದಿಹೋಗ!" ಎಂದು ನಾನು. "ಹೆತ್ತವಳ ಮುಖ ತೋರ್ಸದ ಪಾಪಿ, ನಿನ್ನ ಬಾಯಿಗೆ ಮಣ್ಣು ಬೀಳ!" ಎಂದು ಅವಳು. ಆ ವರ್ಷಗಳಲ್ಲಿ ಎರಡು ದಂಡೆಯ ಬಲೆಗಳೂ ಭಾರಕ್ಕೆ ಹರಿಯುತ್ತಿದ್ದವು. ನಾಯಿ ಬೆಕ್ಕುಗಳು ಕೂಡ ಬೂತಾಯಿ ಮೀನು ಮೂಸಿ ನೋಡಿ ಮುಖ ತಿರುಗಿಸಿ ಹೋಗುತ್ತಿದ್ದವು.

ವಯಸ್ಸಾದಂತೆ ಸಿಟ್ಟೂ ಹಲ್ಲಿನ ಹಾಗೆ ಸಡಿಲವಾಗುತ್ತದೆ. ಒಂದು ಬೆಳಗ್ಗೆ ಗುಲಾಬಿ, "ನಿನ್ನ ಮಂಡಿ ಮುರಿಯ!" ಎಂದು ಶುರುಮಾಡಿದವಳು, ಸ್ವಲ್ಪ ತಡೆದು, "ಮಂಡಿಗೆ ಎಣ್ಣೆ ಹಚ್ತೀಯೋ ಇಲ್ವೋ ದರಿದ್ರದವಳೇ?" ಎಂದು ಕೂಗಿದಳು. ಆವತ್ತು ನಮ್ಮ ಬುಟ್ಟಿಗಳು ಅರ್ಧಕ್ಕೇ ನಿಂತವು. ಮಾರನೆಯ ದಿನ ನನ್ನ ಬಾಯಿಯಿಂದಲೂ, "ನಿನ್ನ ಕೆಮ್ಮಿಗೆ ಬೆಂಕಿ ಬೀಳ, ಕಷಾಯ ಕುಡಿ ಮೂದೇವಿ!" ಎಂದು ಬಂದುಹೋಯಿತು. ಆಚೆಯ ಹೆಂಗಸರೂ ಅರ್ಧ ಬುಟ್ಟಿ ಹೊತ್ತು ಮನೆಗೆ ಹೋದರು. ನಾವಿಬ್ಬರೂ ಹೀಗೆ ಬುಟ್ಟಿ ನೋಡಿ ಒಬ್ಬರ ಹೊಟ್ಟೆಯೊಳಗಿನದನ್ನು ಒಬ್ಬರು ತಿಳಿದುಕೊಂಡೆವು. ಊರು ಖಾಲಿ ಬುಟ್ಟಿ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತರೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ತಂಗಿ ನನ್ನನ್ನು ಕ್ಷಮಿಸಿದ್ದಳು! ಸಾಯುವ ಮೊದಲು ಒಮ್ಮೆ ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬೇಕು ಎಂಬ ಆಸೆ ಆಗಲೇ ಹುಟ್ಟಿದ್ದು, ಹುಟ್ಟಿದ್ದು ಬಿಡಲೇ ಇಲ್ಲ.

ಮೀನು ಕಡಿಮೆಯಾದದ್ದು ರಾಜಧಾನಿಯ ಪತ್ರಿಕೆಗಳಿಗೆ ಹೇಗೋ ತಿಳಿಯಿತು. ನೆರೆಯ ದೇಶದವರು ನಮ್ಮ ಮೀನು ಕದಿಯುತ್ತಿದ್ದಾರೆ ಎಂದು ಅವು ಬರೆದವು. ಆಚೆಯ ರಾಜಧಾನಿಯ ಪತ್ರಿಕೆಗಳು ನಮ್ಮನ್ನೇ ಕಳ್ಳರು ಎಂದವು. ಕಡಲನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಾಣದ ಗಂಡಸರು ಕಡಲಿನ ನಡುವೆ ಗೆರೆ ಎಳೆದರು, ಗೆರೆ ಸರಿಯಿಲ್ಲ ಎಂದು ಮೇಜು ಗುದ್ದಿದರು. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೆ ಎಂದು ಗಾದೆಯಿದೆ. ಇಲ್ಲಿ ನೋಡಿದರೆ ದೊಣ್ಣೆನಾಯಕರೇ ಇಬ್ಬರು, ಇಬ್ಬರಿಗೂ ಈಜು ಬರುವುದಿಲ್ಲ.

ಅದೇ ಸಮಯಕ್ಕೆ ಎರಡು ದೇಶಗಳ ನಡುವೆ ವ್ಯಾಪಾರದ ಮಾತುಕತೆ ನಡೆಯುತ್ತಿತ್ತು. ನಮ್ಮ ಸಿಮೆಂಟು ಅವರಿಗೆ, ಅವರ ಈರುಳ್ಳಿ ನಮಗೆ. ಮೀನು ಇಬ್ಬರಿಗೂ ಬೇಡವಾಗಿತ್ತು. ಬದನೆಕಾಯಿ ಬೇಕಾದವಳು ಸಂತೆಯಲ್ಲಿ ಮೊದಲು ಕುಂಬಳಕಾಯಿಯ ಬೆಲೆ ಕೇಳುತ್ತಾಳಲ್ಲ, ಹಾಗೆ ಇಬ್ಬರೂ ಮೀನು ಮೀನು ಎಂದು ಕೂಗುತ್ತಿದ್ದರು. ಸಿಮೆಂಟಿನ ಸುಂಕ ಇಳಿಸದಿದ್ದರೆ ಕಡಲು ಮುಚ್ಚುತ್ತೇವೆ ಎಂದು ಅವರು. ಈರುಳ್ಳಿ ಅಗ್ಗ ಮಾಡದಿದ್ದರೆ ಕಡಲು ಮುಚ್ಚುತ್ತೇವೆ ಎಂದು ಇವರು. ಕಡಲು ಮುಚ್ಚಲು ಅದೇನು ಇವರ ಮನೆಯ ಗಡಿಗೆಯೇ?

ಜಗಳದ ಮೂಲ ಹುಡುಕಲು ನಮ್ಮಲ್ಲಿಗೆ ಬಂದವನೇ ಕೊಡೆ ಸಾಹೇಬ. ಕಿವಿಯಿಂದ ಕೈ ತೆಗೆದ ಮೇಲೆ ಅವನು ಒಂದು ಯಂತ್ರ ಇಟ್ಟು ನನ್ನ ಬೈಗುಳವನ್ನೂ ಗಾಳಿಯಲ್ಲಿ ಬಂದ ಗುಲಾಬಿಯ ಬೈಗುಳವನ್ನೂ ಹಿಡಿದುಕೊಂಡು ಹೋದ. ರಾಜಧಾನಿಯಲ್ಲಿ ದೊಡ್ಡದೊಡ್ಡವರು ತಣ್ಣನೆಯ ಕೋಣೆಯಲ್ಲಿ ಕೂತು, ಚಹಾ ಕುಡಿಯುತ್ತ, ನನ್ನ "ಕೈ ಸೇದಿಹೋಗ"ವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರಂತೆ. ಕೇಳಿ ಕೇಳಿ ಅವರಿಗೆ ಜ್ಞಾನೋದಯವಾಯಿತು: ಎರಡು ದೇಶಗಳ ಮೀನಿನ ವಿವಾದದ ಬೇರು ಒಂದು ಮೆಟ್ಟುಕತ್ತಿ! ತಕ್ಷಣ ಅದಕ್ಕೊಂದು ಉಪಸಮಿತಿ, ಆಚೆ ಕಡೆಯಲ್ಲೂ ಒಂದು ಉಪಸಮಿತಿ. ಸಿಮೆಂಟು ಈರುಳ್ಳಿಯಲ್ಲಿ ಕೂದಲಷ್ಟೂ ಒಮ್ಮತ ಆಗದವರು ಕತ್ತಿಯ ವಿಷಯದಲ್ಲಿ ಒಂದೇ ಬೈಠಕ್ಕಿಗೆ ಒಪ್ಪಿದರು. ಬಿಟ್ಟುಕೊಡಲು ಅದು ಅವರಪ್ಪನ ಗಂಟಲ್ಲವಲ್ಲ.

ಸಾಹೇಬ ಮರಳಿ ಬಂದು ನನ್ನ ಜಗಲಿಯ ಮೇಲೆ ಕೂತ. ಕೊಡೆ ಮಾಡಿನ ಹೆಂಚಿಗೆ ತಾಗುತ್ತಿದ್ದುದರಿಂದ ಜವಾನ ಬಗ್ಗಿ ನಿಂತಿದ್ದ.

"ದುಗ್ಗಮ್ಮನವರೇ, ಸಂತೋಷದ ಸುದ್ದಿ. ನಿಮ್ಮ ತಂಗಿ ಕತ್ತಿ ವಾಪಸ್ ಕೊಡೋಕೆ ಒಪ್ಪಿದ್ದಾರೆ. ಕಡಲ ನಡುವೆ ಸಮಾರಂಭ ಇರುತ್ತೆ. ನೀವು ಕತ್ತಿ ತಗೊಂಡು ಅವರನ್ನ ಅಪ್ಪಿಕೊಳ್ಳಬೇಕು. ಆ ಕ್ಷಣದಲ್ಲೇ ಒಪ್ಪಂದಕ್ಕೆ ಸಹಿ."

ಗುಲಾಬಿ ಒಪ್ಪಿದ್ದಾಳೆ ಎಂದು ಕೇಳಿ ನನಗೆ ಎದ್ದು ಕುಣಿಯಬೇಕೆನಿಸಿತು. ಅದನ್ನು ಅವನಿಗೇಕೆ ತೋರಿಸಲಿ?

"ಆಮೇಲೆ?" ಎಂದೆ.

"ಆಮೇಲೆ ಎರಡೂ ದಂಡೆ ಸೌಹಾರ್ದ ವಲಯ. ಯಾರೂ ಕೂಗಾಡೋ ಹಾಗಿಲ್ಲ. ಕಡಲಿಗೆ ಎರಡೂ ದೇಶದ ದೊಡ್ಡ ಹಡಗುಗಳು ಸರದಿ ಪ್ರಕಾರ ಬರ್ತವೆ."

"ಬೈಯದೆ ಮೀನು ಹೇಗೆ ಬರ್ತದೆ ಸಾಹೇಬ್ರೇ?"

"ಒಪ್ಪಂದದ ಪ್ರಕಾರ ಬರುತ್ತಮ್ಮ. ಅದಕ್ಕೇ ಒಂದು ಇಡೀ ಅಧ್ಯಾಯ ಇದೆ."

"ಮೀನಿಗೆ ಓದ್ಲಿಕ್ಕೆ ಬರ್ತದಾ?"

ಅವನು ನಕ್ಕು, ಸ್ಥಳೀಯರು ವಿನೋದಪ್ರಿಯರು ಎಂದು ಬರೆದುಕೊಳ್ಳಲು ಜವಾನನಿಗೆ ಹೇಳಿದ. ಜವಾನ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಬರೆದುಕೊಂಡ. ಏಳುವ ಮೊದಲು ಸಾಹೇಬ ಸಣ್ಣ ದನಿಯಲ್ಲಿ, ನಾನು ಬಾರದಿದ್ದರೆ ಎರಡು ದೇಶಗಳ ಸ್ನೇಹಕ್ಕೆ ಅಡ್ಡಬಂದ ಅಪರಾಧ ನನ್ನ ಮೇಲೆ ಬರುತ್ತದೆ, ಜೈಲು ಕೂಡ ಆಗಬಹುದು ಎಂದ. ಸ್ನೇಹ ಮಾಡಿಸುವ ರೀತಿ ನೋಡಿ.

ನಮ್ಮೂರಿನವರೇನು ಕಡಿಮೆಯೇ? ಸಾಹೇಬ ಐಸ್ ಕಾರ್ಖಾನೆ ಎಂದ, ಡಾಂಬರು ರಸ್ತೆ ಎಂದ, ಮನೆಗಿಷ್ಟು ಪುಕ್ಕಟೆ ಸಿಮೆಂಟು ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಹೊನ್ನ ತಾಂಡೇಲ ತಾರಸಿ ಹಾಕಿಸುತ್ತೇನೆಂದು ಹಗ್ಗ ಹಿಡಿದು ಅಂಗಳ ಅಳೆದ. ಐಸ್ ಕಾರ್ಖಾನೆಯಲ್ಲಿ ಐಸ್ ಹಾಕಿ ಇಡುವುದು ಏನನ್ನು ಎಂದು ಅವನ ಹೆಂಡತಿ ಕೇಳಿದಾಗಲೇ ಅವನ ಮಂಡೆಗೆ ಹೊಳೆದದ್ದು. ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನನ್ನ ಅಂಗಳಕ್ಕೆ ಓಡಿಬಂದ.

"ದುಗ್ಗಕ್ಕ, ಕತ್ತಿ ಮನೆಗೆ ಬಂದ್ರೆ ನೀ ಮತ್ತೆ ಎಂತಕ್ಕೆ ಬೈತಿ? ನೀವಿಬ್ರು ಅಪ್ಪಿಕೊಂಡ್ರೆ ನಮ್ಮ ಹೊಟ್ಟೆಗೆ ಎಂತ? ಸಿಮೆಂಟು ಕಲಸಿ ತಿನ್ಲಿಕ್ಕೆ ಆಗ್ತದಾ?"

"ಹೋಗದಿದ್ರೆ ಜೈಲಂತೆ ಮಾರಾಯ."

"ಅದೂ ಹೌದು."

"ಮತ್ತೆ ನಾನೆಂತ ಮಾಡ್ಲಿ, ಹೇಳು."

"ನೀನೇ ಬಾಯಿಬಡುಕಿ, ನಿಂಗೆ ಗೊತ್ತಾಗದ್ದು ನಂಗೆ ಗೊತ್ತಾಗ್ತದಾ?" ಎಂದು ಹೇಳಿ, ಭಾರ ಇಳಿಸಿಕೊಂಡವನ ಹಾಗೆ ಹೊರಟುಹೋದ. ಕಡಲಿನಲ್ಲಿ ಬಿರುಗಾಳಿಗೆ ಎದೆ ಕೊಡುವ ಗಂಡಸು, ಒಂದು ಮಾತಿನ ಹೊಣೆ ಹೊರಲು ಮಾತ್ರ ಸೊಂಟ ನೋವು.

ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಈ ಊರಿಗಾಗಿ ನನ್ನ ಆಯಸ್ಸೆಲ್ಲ ಅರಚಿದ್ದಾಯಿತು, ಒಂದು ದಿನ ತಂಗಿಗೆ ಅಕ್ಕನಾದರೆ ಯಾರಪ್ಪನ ಮನೆಯ ಗಂಟು ಹೋಗುತ್ತದೆ? ಕತ್ತಿ ತೆಗೆದುಕೊಳ್ಳುತ್ತೇನೆ, ಅಪ್ಪಿಕೊಳ್ಳುತ್ತೇನೆ, ಊರು ಬೇಕಾದರೆ ಸಿಮೆಂಟು ತಿನ್ನಲಿ. ಹೀಗೆಂದುಕೊಂಡೇ ನಾನು ಸಮಾರಂಭಕ್ಕೆ ಹೊರಟದ್ದು. ಸುಳ್ಳು ಹೇಳುವ ಯೋಚನೆ ನನಗೆ ಮನೆಯಿಂದ ಹೊರಡುವಾಗ ಇರಲೇ ಇಲ್ಲ.

ಕಡಲ ನಡುವೆ ಎರಡು ಲಾಂಚುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿದ್ದರು. ಅವುಗಳ ಮೇಲೆ ರತ್ನಗಂಬಳಿ, ಅದರ ಮೇಲೆ ಮೇಜು, ಮೇಜಿನ ಮೇಲೆ ಒಪ್ಪಂದ, ಒಪ್ಪಂದದ ಮೇಲೆ ಹಾರದಿರಲಿ ಎಂದು ಒಂದು ತೆಂಗಿನಕಾಯಿ. ನಮ್ಮ ಬ್ಯಾಂಡಿನವರು ಒಂದು ರಾಗ ಊದಿದರೆ ಅವರ ಬ್ಯಾಂಡಿನವರು ಇನ್ನೊಂದು ಊದಿ, ಎರಡೂ ಸೇರಿ ಎಮ್ಮೆ ಈಯುವಾಗಿನ ಸದ್ದಾಯಿತು. ಆಚೆಯ ದೇಶದಿಂದಲೂ ಒಬ್ಬ ಸಾಹೇಬ ಬಂದಿದ್ದ. ಅವನಿಗೆ ಕೊಡೆ ಇರಲಿಲ್ಲ, ನಮ್ಮವನ ಕೊಡೆಯನ್ನೇ ಅಸೂಯೆಯಿಂದ ನೋಡುತ್ತಿದ್ದ. ಇಬ್ಬರೂ ಭಾಷಣ ಮಾಡಿದರು. ಮೀನು ಎರಡು ಸಂಸ್ಕೃತಿಗಳ ಸೇತುವೆ ಎಂದ ನಮ್ಮವನು. ಸಸ್ಯಾಹಾರಿಯಂತೆ ಅವನು, ಆಮೇಲೆ ಗೊತ್ತಾಯಿತು.

ಆ ಕಡೆಯ ಲಾಂಚಿನಿಂದ ಗುಲಾಬಿಯನ್ನು ಕೈಹಿಡಿದು ದಾಟಿಸಿದರು. ಅಯ್ಯೋ ದೇವರೇ, ಇಷ್ಟು ಚಿಕ್ಕವಳಾಗಿಬಿಟ್ಟಿದ್ದಾಳಲ್ಲ! ದೂರದಿಂದ ಕಾಣುತ್ತಿದ್ದ ಕೆಂಪು ಸೀರೆಯೊಳಗೆ ಇಷ್ಟೇ ಇಷ್ಟು ಹೆಂಗಸು. ತಲೆ ಬೆಳ್ಳಗಾಗಿತ್ತು, ಮುಂದಿನ ಹಲ್ಲು ಹೋಗಿತ್ತು, ಗದ್ದ ಮಾತ್ರ ಅಮ್ಮನದೇ. ಒಂದು ಕೈಯಲ್ಲಿ ರೇಷ್ಮೆಬಟ್ಟೆಯಲ್ಲಿ ಸುತ್ತಿದ ಕತ್ತಿ, ಇನ್ನೊಂದು ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಹತ್ತಿರ ಬಂದು, ಬ್ಯಾಂಡಿನ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ಅಕ್ಕ, ತಕೊ. ಸಾಕು ಮಾಡುವ ಇನ್ನು. ಕಡುಬು ತಂದಿದ್ದೇನೆ, ಒಣಸೀಗಡಿ ಚಟ್ನಿ ಉಂಟು. ಇವ್ರೆಲ್ಲ ಹೋದ್ಮೇಲೆ ಇಲ್ಲೇ ಕೂತು ತಿನ್ನುವ."

ಸಾಹೇಬರಿಬ್ಬರೂ ಲೇಖನಿಯ ಮುಚ್ಚಳ ತೆಗೆದರು. ಗುಲಾಬಿ ಪೊಟ್ಟಣವನ್ನು ರತ್ನಗಂಬಳಿಯ ಮೇಲಿಟ್ಟು, ಬಗ್ಗಿ ಬಟ್ಟೆ ಬಿಚ್ಚಿ ಮೆಟ್ಟುಕತ್ತಿಯನ್ನು ನನ್ನ ಕಾಲ ಬಳಿ ಇಟ್ಟಳು. ನಾನು ಹಲಗೆಯ ಮೇಲೆ ಹಿಮ್ಮಡಿ ಊರಿದೆ. ಕುಳಿಯೊಳಗೆ ಅದು ಸರಿಯಾಗಿ ಕೂತಿತು. ಅಮ್ಮನ ಕಾಲೂ ನನ್ನ ಕಾಲೂ ಒಂದೇ ಅಳತೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅಳು ಉಕ್ಕಿ ಬಂತು, ಅದನ್ನು ಅಡಗಿಸಲು ತಲೆಯೆತ್ತಿ ಸುತ್ತ ನೋಡಿದೆ.

ನೋಡಬಾರದಿತ್ತು. ಎರಡೂ ದಂಡೆಯ ದೋಣಿಗಳು ಸುತ್ತ ನಿಂತಿದ್ದವು. ಹೆಂಗಸರು ಸಮಾರಂಭಕ್ಕೆ ಒಳ್ಳೆಯ ಸೀರೆ ಉಟ್ಟವರು ಅಭ್ಯಾಸ ಬಲದಿಂದ ಬುಟ್ಟಿಯನ್ನೂ ಹಿಡಿದುಕೊಂಡೇ ಬಂದಿದ್ದರು. ಎಲ್ಲ ಬುಟ್ಟಿಯೂ ಖಾಲಿ. ಹೊನ್ನ ತಾಂಡೇಲ ತನ್ನ ದೋಣಿಯ ತಳ ನೋಡುತ್ತಿದ್ದ. ಅವರ ಹಿಂದೆ, ಕಡಲಿನ ಬಾಯಲ್ಲಿ, ಎರಡು ದೊಡ್ಡ ಹಡಗುಗಳು ಹೊಗೆ ಕಾರುತ್ತ ನಿಂತಿದ್ದವು. ಸಹಿಯ ಮಸಿ ಒಣಗುವಷ್ಟೂ ತಾಳ್ಮೆ ಇರದಂತೆ ಬಲೆ ಆಗಲೇ ಇಳಿಬಿಟ್ಟಿದ್ದವು. ಈ ಅಪ್ಪುಗೆಯ ಬೆಲೆ ಯಾರು ತೆರಬೇಕೆಂದು ಆಗ ಕಣ್ಣಿಗೆ ಕಂಡಿತು. ನಾವಿಬ್ಬರು ಮುದುಕಿಯರು ಕಡುಬು ತಿಂದು ಬಾಯೊರೆಸಿಕೊಂಡರೆ, ಈ ಬುಟ್ಟಿಗಳಲ್ಲಿ ಯಾವುದೂ ಇನ್ನು ತುಂಬುವುದಿಲ್ಲ.

"ಇದಲ್ಲ," ಎಂದೆ.

"ಎಂತ ಅಕ್ಕ?"

"ಇದು ಅಮ್ಮನ ಕತ್ತಿ ಅಲ್ಲ!" ಕರಿಕಲ್ಲಿನ ಮೇಲೆ ನಿಂತಾಗಿನ ಗಂಟಲನ್ನೇ ತೆಗೆದೆ. "ಕಳ್ಳಿ! ಅಮ್ಮಂದು ಒಳಗಿಟ್ಟುಕೊಂಡು ಯಾವುದೋ ಗುಜರಿಯದ್ದು ತಂದು ನನ್ನ ಕಾಲಡಿ ಇಡ್ತೀಯಾ? ನಿನ್ನ ಮನೆ ಹಾಳಾಗ!"

ಬೈಯುತ್ತ ಬೈಯುತ್ತ ಕಣ್ಣಲ್ಲೇ ಅವಳನ್ನು ಬೇಡಿಕೊಂಡೆ. ಹಿಡಿದುಕೋ ಗುಲಾಬಿ, ಇದು ಕೆಲಸದ ಮಾತು, ನೀನೂ ಬಾಯಿಬಡುಕಿ, ನಿನಗೆ ಗೊತ್ತಾಗಬೇಕು. ಆದರೆ ಅವಳು ನನ್ನ ಕಣ್ಣು ನೋಡಲಿಲ್ಲ. ನನ್ನ ಕಾಲು ನೋಡಿದಳು. ಅಮ್ಮನ ಕುಳಿಯಲ್ಲಿ ಒಂದು ಕೂದಲು ನುಸುಳದಂತೆ ಕೂತ ನನ್ನ ಹಿಮ್ಮಡಿಯನ್ನು ನೋಡಿದಳು. ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ತಿಳಿಯಿತು. ಯಾಕೆ ಹೇಳಿದೆನೆಂಬುದು ತಿಳಿಯಲಿಲ್ಲ. ಬೇಡುತ್ತ ಬಂದ ತಂಗಿಯನ್ನು ಅಕ್ಕ ಊರೆಲ್ಲರ ಎದುರು ಕಾಲಲ್ಲಿ ದೂಡಿದಳು ಎಂದುಕೊಂಡಳು.

"ಹೆತ್ತವಳ ಮುಖ ತೋರ್ಸಲಿಲ್ಲ," ಎಂದಳು ಮೆಲ್ಲಗೆ. "ಈಗ ಹೆತ್ತವಳ ಗುರುತೂ ಇಲ್ಲ ಅಂತೀಯಾ?" ಬಗ್ಗಿ ನನ್ನ ಕಾಲಡಿಯಿಂದ ಹಲಗೆಯನ್ನು ಕಿತ್ತುಕೊಂಡಳು. "ಅಮ್ಮಂದು ಅಲ್ಲದಿದ್ರೆ ಇದು ಯಾರಿಗೆ ಬೇಕು?" ಎಂದು ಕೂಗಿ ಅದನ್ನು ಕಡಲಿಗೆ ಎಸೆದುಬಿಟ್ಟಳು. ಆಮೇಲೆ ಅವಳ ಬಾಯಿಯಿಂದ ಬಂದದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ಅಂಥ ಬೈಗುಳ ಎರಡೂ ದಂಡೆಗಳ ಇತಿಹಾಸದಲ್ಲಿ ಯಾರೂ ಕೇಳಿರಲಿಲ್ಲ. ಅದರಲ್ಲಿ ಒಂದಕ್ಷರವೂ ಗಂಟಲಿನದಲ್ಲ.

ಕಡಲು ಕುದಿಯಿತು. ಬಂಗುಡೆಗಳು ಬೆಳ್ಳಿಯ ಹಾಗೆ ಚಿಮ್ಮಿ ಲಾಂಚಿನೊಳಗೇ ಬಿದ್ದವು. ಮೇಜಿನ ಮೇಲೆ ಬಿದ್ದು ಒಪ್ಪಂದದ ಹಾಳೆಗಳ ಮೇಲೆ ಬಾಲ ಬಡಿದವು, ಸಹಿಯ ಮಸಿಯನ್ನು ಸಾಹೇಬರ ಅಂಗಿಗೆ ಎರಚಿದವು. ಜವಾನ ಹೆದರಿ ಕೊಡೆಯನ್ನು ತಲೆಕೆಳಗಾಗಿ ಕೈಬಿಟ್ಟ, ಅದೂ ತುಂಬಿಹೋಯಿತು. ಹೆಂಗಸರು ಒಳ್ಳೆಯ ಸೀರೆಯ ಪರಿವೆ ಇಲ್ಲದೆ ಬುಟ್ಟಿ ಒಡ್ಡಿದರು. ಆ ಗದ್ದಲದಲ್ಲಿ ಗುಲಾಬಿ ತನ್ನ ಲಾಂಚಿಗೆ ದಾಟಿ ಬೆನ್ನು ತಿರುಗಿಸಿ ಕೂತಳು. ಕಡುಬಿನ ಪೊಟ್ಟಣ ನಮ್ಮ ಕಡೆಯೇ ಉಳಿಯಿತು.

ಒಪ್ಪಂದ ಮುರಿದು ಬಿತ್ತು, ಹಡಗುಗಳು ಬಲೆ ಸುತ್ತಿಕೊಂಡು ಹೋದವು. ರಾಜಧಾನಿಗಳು ಮಾತ್ರ ಸುಮ್ಮನಾಗಲಿಲ್ಲ. ನೆರೆಯ ದೇಶ ನಕಲಿ ಕತ್ತಿ ಕೊಟ್ಟು ನಮ್ಮ ಗೌರವಕ್ಕೆ ಧಕ್ಕೆ ತಂದಿತು ಎಂದು ನಮ್ಮ ಪತ್ರಿಕೆಗಳು ಬರೆದವು. ಅಸಲಿ ಕತ್ತಿಯನ್ನು ಅವಮಾನಿಸಿದರು ಎಂದು ಅವರವು. ಕತ್ತಿ ಹುಡುಕಲು ಮುಳುಗುಗಾರರು ಬಂದರು, ತಿಂದುಂಡು ಹೋದರು. ಕೊಡೆ ಸಾಹೇಬನಿಗೆ ಬಡ್ತಿ ಸಿಕ್ಕಿತು; ಮುರಿದ ಮಾತುಕತೆಯನ್ನು ಮತ್ತೆ ಶುರುಮಾಡುವುದು ಬಹಳ ಅನುಭವ ಬೇಡುವ ಕೆಲಸವಂತೆ. ಈರುಳ್ಳಿ ಸಿಮೆಂಟು ಬೇರೆ ಯಾವುದೋ ದಾರಿಯಲ್ಲಿ ಮೊದಲಿನಂತೆಯೇ ಹೋಗಿಬರುತ್ತಿವೆ. ಒಪ್ಪಂದವಿಲ್ಲದೆಯೂ ಅವು ಯಾವಾಗಲೂ ಹೋಗಿಬರುತ್ತಿದ್ದವು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ.

ನಮ್ಮೂರಿನವರು ನನ್ನನ್ನು ದಂಡೆಯಿಂದ ಮನೆವರೆಗೆ ಹೊತ್ತುಕೊಂಡು ಬಂದರು. "ಎಂಥ ಬುದ್ಧಿ ದುಗ್ಗಕ್ಕ! ತಂಗಿಯೂ ಸಮ, ಎಂಥ ನಾಟಕ ಆಡಿದ್ಲು ಮಾರಾಯ್ತಿ!" ಎಂದು ಹೊನ್ನ ತಾಂಡೇಲ ಹಲ್ಲುಕಿರಿದ. ಅವನ ಮುಸುಡಿಗೆ ಉಗಿಯಬೇಕೆನಿಸಿತು. ಬಾಗಿಲು ಹಾಕಿಕೊಂಡು ಪೊಟ್ಟಣ ಬಿಚ್ಚಿ, ಕಡುಬನ್ನೂ ಚಟ್ನಿಯನ್ನೂ ಒಬ್ಬಳೇ ಕೂತು ಪೂರ್ತಿ ತಿಂದೆ. ಚಟ್ನಿಗೆ ಹುಣಸೆ ಜಾಸ್ತಿ ಹಾಕಿದ್ದಳು, ನನಗೆ ಇಷ್ಟವೆಂದು.

ಉಂಡ ಬಾಯಿ ಬೈಯುವುದಿಲ್ಲ ಎಂದು ಅಮ್ಮ ಹೇಳಿದ್ದು ನಿಜವೇ. ಮರುದಿನ ಕಲ್ಲು ಹತ್ತಿದರೆ ಹೊಟ್ಟೆಯಲ್ಲಿ ಬೈಗುಳದ ಬೀಜವೂ ಇರಲಿಲ್ಲ. ಏನೋ ನಾಲ್ಕು ಅರಚಿ ಇಳಿದೆ. ಆಚೆಯ ಹೆಂಗಸರು ಖಾಲಿ ಬುಟ್ಟಿ ಹೊತ್ತು ಮನೆಗೆ ಹೋಗುವುದು ಇಲ್ಲಿಂದಲೇ ಕಂಡಿತು. ಗುಲಾಬಿಯೂ ಅದನ್ನು ಕಂಡಿರಬೇಕು, ಆದರೆ ಒಂದು ದಿನದ ಖಾಲಿ ಬುಟ್ಟಿಗೆ ಹತ್ತಾರು ಕಾರಣ ಇರುತ್ತವೆ. ಹೀಗೇ ಕೆಲವು ವಾರ ಬಿಟ್ಟರೆ ಅವಳಿಗೆ ಖಂಡಿತ ಅರ್ಥವಾಗುತ್ತಿತ್ತು, ಅಕ್ಕನ ಹೊಟ್ಟೆಯಲ್ಲಿ ಸಿಟ್ಟಿಲ್ಲ, ಆವತ್ತು ಆಡಿದ್ದು ಊರಿಗಾಗಿ ಎಂದು. ಅರ್ಥವಾಗುವ ಹೊತ್ತಿಗೆ ಅವಳ ಮೊಮ್ಮಕ್ಕಳೂ ಅವಳ ಊರಿನ ಮಕ್ಕಳೂ ಉಪವಾಸ ಬೀಳುತ್ತಿದ್ದರು. ಮಕ್ಕಳ ಹೊಟ್ಟೆಯ ಮೇಲೆ ಬರೆದು ಕಳಿಸುವ ಕ್ಷಮೆ ಯಾವ ಸುಡುಗಾಡಿಗೆ?

ಅದಕ್ಕೇ ಈಗ ದಿನವೂ ಕಲ್ಲು ಹತ್ತಿ ಕಣ್ಣು ಮುಚ್ಚುತ್ತೇನೆ. ಕೊಡೆ ಸಾಹೇಬನ ಮುಖ ತಂದುಕೊಳ್ಳುತ್ತೇನೆ, ಅವನ ಅಧ್ಯಾಯ, ಎರಡು ರಾಜಧಾನಿಗಳ ತಣ್ಣನೆಯ ಕೋಣೆಗಳು, ಹೊನ್ನ ತಾಂಡೇಲನ ತಾರಸಿ, ಕೊನೆಗೆ ನನ್ನ ಈ ಹಾಳು ಬುದ್ಧಿವಂತಿಕೆ. ಅವುಗಳಿಗೆಲ್ಲ ಸಲ್ಲಬೇಕಾದ್ದನ್ನು ಗುಲಾಬಿಯ ಹೆಸರು ಹಿಡಿದು ಬೈಯುತ್ತೇನೆ. ಆಚೆಯವರ ದೋಣಿಗಳು ಭಾರಕ್ಕೆ ನೀರು ಮುಟ್ಟುತ್ತವೆ. ಅವಳು ತನ್ನ ದಂಡೆಯಲ್ಲಿ ನಿಂತು ಆ ಬುಟ್ಟಿಗಳನ್ನು ನೋಡುತ್ತಾಳೆ. ಅಕ್ಕನಿಗೆ ನನ್ನ ಮೇಲೆ ಇಷ್ಟೊಂದು ಸಿಟ್ಟೇ ಎಂದುಕೊಳ್ಳುತ್ತಾಳೆ, ಕೆಮ್ಮುತ್ತ ಕಲ್ಲು ಹತ್ತಿ ನನಗೆ ಬೈಯುತ್ತಾಳೆ.

ದೋಣಿಗಳು ದಂಡೆಗೆ ಬಂದರೆ ಊರೆಲ್ಲ ಸಂತೋಷದಿಂದ ಓಡುತ್ತದೆ. ಮಂಡಿ ಎಳೆದುಕೊಂಡು ನಾನೂ ಹೋಗುತ್ತೇನೆ. ಒಂದಾದರೂ ಬುಟ್ಟಿ ಅರ್ಧಕ್ಕೆ ನಿಂತಿದೆಯೇ ಎಂದು ಒಂದೊಂದನ್ನೂ ಬಗ್ಗಿ ನೋಡುತ್ತೇನೆ. ಇವತ್ತೂ ಎಲ್ಲ ತುಂಬಿತ್ತು.